ಹೊಸ ಹಗ್ಗದ ಅಳತೆ

ಕೊರಟಗೆರೆಯ ಸಂತೆಯಲ್ಲಿ ಈಗ ನಾರಿನ ಹಗ್ಗ ಸಿಗುವುದೇ ಅಪರೂಪ. ಮೊನ್ನೆ ಹೋದಾಗ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗಗಳ ರಾಶಿಯ ಪಕ್ಕದಲ್ಲಿ ಒಬ್ಬಾತ ನಾಲ್ಕೇ ನಾಲ್ಕು ಕತ್ತಾಳೆ ಹಗ್ಗದ ಸುರುಳಿ ಇಟ್ಟುಕೊಂಡು, ಕೊಂಡರೆ ಕೊಳ್ಳಲಿ ಬಿಟ್ಟರೆ ಬಿಡಲಿ ಎಂಬಂತೆ ಕೂತಿದ್ದ. ನನಗೆ ಬೇಕಾಗಿದ್ದದ್ದು ಬದನೆಕಾಯಿ. ಆದರೂ ಬಗ್ಗಿ ಒಂದು ಸುರುಳಿ ಎತ್ತಿ ಮೂಗಿನ ಹತ್ತಿರ ಹಿಡಿದೆ. ಹೊಸ ನಾರಿನ ಹುಳಿ ವಾಸನೆ, ಅದರ ಬೆನ್ನಿಗೇ ಕೆರೆಯ ನೀರಿನಲ್ಲಿ ಕೊಳೆಹಾಕಿದ ಕತ್ತಾಳೆ ಪಟ್ಟೆಯ ಕಮಟು...

"ಮನೇಲಿ ಹಸು ಇಲ್ಲ, ಎಮ್ಮೆ ಇಲ್ಲ. ಯಾರನ್ನ ಕಟ್ಟಿಹಾಕೋಕ್ರೀ ಅದು, ನನ್ನನ್ನಾ?" ಎಂದಳು ಹೆಂಡತಿ.

"ನಿನ್ನನ್ನ ಕಟ್ಟೋ ಹಗ್ಗ ಇನ್ನೂ ಯಾರೂ ಹೊಸೆದಿಲ್ಲ ಬಿಡು" ಎಂದೆ. ಹಗ್ಗದವನು ನಕ್ಕ, ಅವಳೂ ನಕ್ಕಳು. ನಾನು ಮಾತ್ರ ಸುರುಳಿಯನ್ನು ಕೆಳಗಿಟ್ಟೆ. ನನಗಾಗಿ ಇಂಥದೇ ಒಂದು ಹಗ್ಗ ಹೊಸೆದು ಕೊಟ್ಟಿದ್ದ ಮುದುಕನೊಬ್ಬ ಕಣ್ಣ ಮುಂದೆ ಬಂದು ನಿಂತಿದ್ದ. ಆ ಹಗ್ಗದ ವಿಷಯವನ್ನು ನಾನು ನಲವತ್ತು ವರ್ಷ ಯಾರ ಹತ್ತಿರವೂ, ಇವಳ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಅದು ಎಂಬತ್ತರ ದಶಕದ ಶುರು. ನಾನಾಗ ಪಾವಗಡದಲ್ಲಿ ಭೂಮಿ ಅಳೆಯುವ ಸರ್ವೆಯವನು. ಮಧುಗಿರಿಯ ನಮ್ಮ ಮನೆಯವರೆಲ್ಲ ತಲೆತಲಾಂತರದಿಂದ ಅಂಗಡಿಯ ಕಟ್ಟೆ ಮೇಲೆ ಕೂತವರು. ತಕ್ಕಡಿ ಬಿಟ್ಟು ಸರಪಳಿ ಹಿಡಿದ ಮೊದಲಿಗ ನಾನೇ. ಮೂವತ್ಮೂರು ಅಡಿಯ ಕಬ್ಬಿಣದ ಸರಪಳಿ ಅದು. ಆಳು ಅದನ್ನು ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆ ಬರುತ್ತಿದ್ದರೆ ದೊಡ್ಡ ದೊಡ್ಡ ಗೌಡರೂ ಜಗಲಿಯಿಂದ ಇಳಿದು ಬರುತ್ತಿದ್ದರು. ಅದರ ಝಣಝಣ ನನ್ನ ತಲೆಗೂ ಸ್ವಲ್ಪ ಏರಿತ್ತು ಎಂದು ಒಪ್ಪಿಕೊಳ್ಳುವುದೇ ಒಳ್ಳೆಯದು. ವಯಸ್ಸು ಇಪ್ಪತ್ತನಾಲ್ಕು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಆಂಧ್ರದ ಗಡಿಗೆ ಅಂಟಿಕೊಂಡಂತೆ ಒಂದು ದೊಡ್ಡ ಹುಲ್ಲುಗಾವಲು ಇತ್ತು. ಕಾಗದದಲ್ಲಿ ಅದೆಲ್ಲ ಒಂದೇ ನಂಬರು, ಸರ್ಕಾರಿ ಬೀಳು. ಮಳೆ ಬೀಳುತ್ತಲೇ ಅಲ್ಲಿ ನೀಲಗಿರಿ ಸಸಿ ನೆಡುವುದೆಂದು ಮೇಲಿನಿಂದ ತೀರ್ಮಾನವಾಗಿತ್ತು. ಅದರೊಳಗೆ ಜನ ಹಿಂದಿನಿಂದ ಕಾಪಾಡಿಕೊಂಡು ಬಂದ ಜಾಗ ಏನಾದರೂ ಇದ್ದರೆ ಅಳೆದು, ಬೇರೆ ನಂಬರು ಕೊಟ್ಟು ಅವರಿಗೇ ಬಿಡಬೇಕೆಂದು ಆದೇಶದ ಕೊನೆಯಲ್ಲಿ ಎರಡು ಸಾಲು ಇದ್ದವು. ಆ ಎರಡು ಸಾಲಿಗಾಗಿ ನನ್ನನ್ನು ಕಳಿಸಿದರು. ಅಳತೆ ಆಗದಿದ್ದರೆ ಪೂರ್ತಿ ನೀಲಗಿರಿ.

ಅಲ್ಲಿದ್ದದ್ದು ಕಾಡುಗೊಲ್ಲರ ಒಂದು ಹಟ್ಟಿ. ಮೂವತ್ತು ಗುಡಿಸಲು, ಸುತ್ತ ಕಾರೆ ಮುಳ್ಳಿನ ಬೇಲಿ. ಹಟ್ಟಿಯಿಂದ ಕೂಗಳತೆ ದೂರದಲ್ಲಿ ಅವರ ದೇವರ ಕಾಡು. ಸುತ್ತಮುತ್ತ ಬೋಳು ನೆಲ, ಅಲ್ಲಲ್ಲಿ ತಂಗಡಿ ಗಿಡ, ನಡುವೆ ಇದ್ದಕ್ಕಿದ್ದಂತೆ ಕಮರ, ಬೇವು, ಕಾರೆ, ಬಿಕ್ಕೆ ಒತ್ತೊತ್ತಾಗಿ ಬೆಳೆದ ಕಪ್ಪು ನೆರಳು. ಅಲ್ಲಿ ಯಾರೂ ಒಂದು ಕಡ್ಡಿ ಮುರಿಯುತ್ತಿರಲಿಲ್ಲ. ಗಾಳಿಗೆ ಬಿದ್ದ ಕೊಂಬೆ ಬಿದ್ದಲ್ಲೇ ಗೆದ್ದಲಿಗೆ. ಮನೆಯ ಮಗ್ಗುಲಲ್ಲೇ ಅಷ್ಟು ಮರವಿದ್ದರೂ ಹಟ್ಟಿಯ ಹೆಂಗಸರು ಸೌದೆಗೆ ಎರಡು ಮೈಲಿ ದೂರದ ಗುಡ್ಡಕ್ಕೆ ಹೋಗುತ್ತಿದ್ದರು. ಕಾಡಿನ ಅಂಚಿನ ಗುರುತಿಗೆ ಮೊಣಕಾಲೆತ್ತರದ ಕಲ್ಲುಗುಪ್ಪೆಗಳಿದ್ದವು. ಯಾರ ಕಾಲದಲ್ಲಿ ಪೇರಿಸಿದ್ದೋ ಅವರಿಗೇ ಗೊತ್ತಿರಲಿಲ್ಲ.

ಪಡುವಣದ ಗುಪ್ಪೆಯ ಹತ್ತಿರ ಅವನು ನಿಂತಿದ್ದ. ಹೆಗಲ ಮೇಲೆ ಕಂಬಳಿ, ಬರಿಗಾಲು, ನಕ್ಕರೆ ಮೇಲಿನ ಎರಡು ಹಲ್ಲು. ದೇವರಿಗೆಂದು ಬಿಟ್ಟ ಎತ್ತು ಹಸುಗಳನ್ನು ಕಾಯುವವನಿಗೆ ಆ ಕಡೆ ಕಿಲಾರಿ ಎನ್ನುತ್ತಾರೆ. ಅವುಗಳಿಗೆ ಮೂಗುದಾರವಿಲ್ಲ, ನೊಗವಿಲ್ಲ. ಮಾರುವಂತಿಲ್ಲ, ಹೊಡೆಯುವಂತಿಲ್ಲ. ಕಿಲಾರಿ ಚಪ್ಪಲಿ ಮೆಟ್ಟುವಂತಿಲ್ಲ, ದನ ಬಿಟ್ಟು ಬೇರೆ ಊರಲ್ಲಿ ಮಲಗುವಂತಿಲ್ಲ. ಹಟ್ಟಿಯವರೆಲ್ಲ ಕೂತು ಒಪ್ಪಿ ಒಬ್ಬನಿಗೆ ಆ ಕೆಲಸ ಕೊಡುತ್ತಿದ್ದರು. ಅದಕ್ಕಿಂತ ದೊಡ್ಡ ಮರ್ಯಾದೆ ಅಲ್ಲಿ ಇನ್ನೊಂದಿರಲಿಲ್ಲ. ನಾನು ಅವನನ್ನು ತಾತ ಎಂದೇ ಕರೆದೆ.

"ಸರಪಣಿ ಅಲ್ಲೇ ಇಡ್ರಿ ಸಾಮಿ. ಕಬ್ಬಿಣ ಒಳಕ್ಕೆ ಬರಂಗಿಲ್ಲ" ಎಂದ.

"ಇದು ಸರ್ಕಾರದ ಸರಪಳಿ ತಾತ."

"ಸರ್ಕಾರದ್ದಾದ್ರೂ ಕಬ್ಬಿಣ ಕಬ್ಬಿಣನೇ ಅಲ್ವಾ? ಕೊಡ್ಲಿ ಒಂದ್ಸಲ ಒಳಕ್ಕೆ ಬಂದ್ರೆ ದಾರಿ ಕಲ್ತ್ಕಂಬುಡ್ತೈತೆ. ಅದುಕ್ಕೇ ನಮ್ಮ ಹಿರೀಕ್ರು ಸೂಜಿನೂ ಬ್ಯಾಡ ಅಂದವ್ರೆ."

ನನಗೆ ರೇಗಿತು. ಬಿಸಿಲಿನಲ್ಲಿ ನಾಲ್ಕು ಮೈಲಿ ನಡೆದು ಬಂದಿದ್ದೆ. ಸರಪಳಿ ಇಲ್ಲದೆ ಅಳತೆ ಇಲ್ಲ, ಅಳತೆ ಇಲ್ಲದಿದ್ದರೆ ನಿಮ್ಮ ಕಾಡೂ ಇಲ್ಲ, ಮುಂಗಾರಿಗೆ ಗುಂಡಿ ತೋಡುತ್ತಾರೆ ಎಂದು ಕೂಗಾಡಿದೆ. ಗುಪ್ಪೆಗಳ ಹೊರಗೇ ಅಳೆಯೋಣವೆಂದರೆ ಮೂರು ಕಡೆ ಬಂಡೆ, ಕಳ್ಳಿಯ ಮೆಳೆ. ಕಾಡಿನ ನಡುವೆ ಪಡುವಣದಿಂದ ಮೂಡಣಕ್ಕೆ ಒಂದು ನೇರ ಗೆರೆ ಹಾಯಿಸದೆ ಲೆಕ್ಕ ಕೂಡುವಂತಿರಲಿಲ್ಲ. ನನ್ನ ಕೂಗಾಟ ಮುಗಿದ ಮೇಲೆ ತಾತ ಸರಪಳಿಯ ಕಡೆ ನೋಡಿ, ಅದು ಎಷ್ಟುದ್ದ ಎಂದು ವಿಚಾರಿಸಿದ. ಅಷ್ಟೇ ಉದ್ದದ ಹಗ್ಗವಾದರೆ ಆಗುತ್ತದಾ ಎಂದ.

ನಿಯಮದ ಪ್ರಕಾರ ಆಗದು. ಆದರೆ ಅವನ ಮುಖ ನೋಡಿದರೆ ಆಗದು ಎನ್ನಲು ನಾಲಿಗೆ ಏಳಲಿಲ್ಲ. "ಆಗಲಿ, ಹಟ್ಟಿಯ ಬಾವಿ ಹಗ್ಗ ಇದೆಯಲ್ಲ, ಅದನ್ನೇ ತನ್ನಿ" ಎಂದೆ. ತಾತ ತಲೆಯಾಡಿಸಿದ. ಬಳಸಿದ ಹಗ್ಗ ಮೀಸಲಲ್ಲ. ದನದ ಕೊರಳಿಗೆ ಕಟ್ಟಿದ್ದು, ನೀರು ಸೇದಿದ್ದು ದೇವರ ನೆಲಕ್ಕೆ ಬರುವುದಿಲ್ಲ, ಹೊಸದೇ ಆಗಬೇಕು. ಅವರು ಕೆರೆಯಲ್ಲಿ ಕೊಳೆಹಾಕಿ ಬಡಿದು ಒಣಗಿಸಿದ ಕತ್ತಾಳೆ ನಾರು ತಯಾರಿತ್ತು. ಹಟ್ಟಿಯ ಗಂಡಸರೆಲ್ಲ ಸೇರಿದರೂ ಮುಖ್ಯ ಎಳೆ ಹಿಡಿದು ಹೊಸೆದವನು ಅವನೇ. ಎರಡು ದಿನ ಬಿಟ್ಟು ಹೋದಾಗ ಹಗ್ಗ ಬೆಳ್ಳಗೆ ಸಿದ್ಧವಾಗಿತ್ತು. ಗುಪ್ಪೆಯ ಹೊರಗೆ ಸರಪಳಿ ಹಾಸಿ, ಪಕ್ಕದಲ್ಲಿ ಹಗ್ಗ ಹಾಸಿ, ಹೆಚ್ಚಾದ ತುದಿಯನ್ನು ಕಲ್ಲಿನ ಮೇಲಿಟ್ಟು ಕಲ್ಲಿನಿಂದಲೇ ಜಜ್ಜಿ ತುಂಡರಿಸಿದ. ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

ಇನ್ನು ನನ್ನ ತಪಾಸಣೆ. ಗಡಿಯಾರ ಹೋಯಿತು, ಬೀಗದ ಕೈ ಹೋಯಿತು, ಪೆನ್ನಿನ ಮುಳ್ಳು ಉಕ್ಕಿನದೆಂದು ಪೆನ್ನೂ ಹೋಯಿತು. ಬೆಲ್ಟಿನ ಕೊಂಡಿ ಬಿಚ್ಚಿಸಿದ. ಪ್ಯಾಂಟು ಜಾರದಂತೆ ಮಿಕ್ಕ ನಾರಿನಲ್ಲೇ ಒಂದು ಉಡಿದಾರ ಹೊಸೆದು ಕೊಟ್ಟ. ನನ್ನ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟದೆ, ದೂರದಿಂದಲೇ ಬಗ್ಗಿ ನೋಡಿ, "ಬೆಳ್ಳಿ ಅಲ್ವಾ, ಬರ್ಲಿ ಬುಡಿ" ಎಂದು ಅಪ್ಪಣೆ ಕೊಟ್ಟ. ಸರ್ಕಾರಿ ನೌಕರ ಬರಿಗಾಲಲ್ಲಿ, ಸೊಂಟಕ್ಕೆ ನಾರು ಕಟ್ಟಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಟದ್ದನ್ನು ನೋಡಿ ನನ್ನ ಆಳು ಬೆನ್ನು ತಿರುಗಿಸಿ ನಕ್ಕದ್ದು ನನಗೆ ಗೊತ್ತು.

ಆಮೇಲಿನ ಎರಡು ದಿನ... ಅಂಥ ಸುಖದಲ್ಲಿ ನಾನು ಮತ್ತೆಂದೂ ಕೆಲಸ ಮಾಡಲಿಲ್ಲ. ಹಗ್ಗದ ಮುಂದಿನ ತುದಿ ಅವನ ಕೈಯಲ್ಲಿ, ಹಿಂದಿನ ತುದಿ ನನ್ನ ಕೈಯಲ್ಲಿ. ಒಂದೊಂದು ಹಗ್ಗಕ್ಕೂ ಅವನು ಕಂಬಳಿಯ ಮೂಲೆಯಲ್ಲಿ ಒಂದು ಬಿಳಿ ಕಲ್ಲು ಹಾಕಿಕೊಳ್ಳುತ್ತಿದ್ದ, ನಾನು ಪುಸ್ತಕದಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಕಮರದ ಚಿಗುರು ಕೆಂಪಗೆ ಬಿಟ್ಟಿತ್ತು. ಉದುರಿದ ಹಣ್ಣು ತಿನ್ನಬಹುದು, ಗಿಡದಿಂದ ಕೀಳುವಂತಿಲ್ಲ. ಹಾಗಾಗಿ ತಾತ ಬಗ್ಗಿ ಬಗ್ಗಿ ಹುಡುಕಿ ಬಿಕ್ಕೆ ಹಣ್ಣು ಆಯ್ದು, ಕಂಬಳಿಗೆ ಒರೆಸಿ ಕೊಡುತ್ತಿದ್ದ. ಯಾವ ಮರದಲ್ಲಿ ಯಾವ ಹಕ್ಕಿ ಎಷ್ಟು ವರ್ಷದಿಂದ ಗೂಡು ಕಟ್ಟುತ್ತಿದೆ, ಯಾವ ಎತ್ತು ಯಾವ ನೆರಳಲ್ಲಿ ಮಲಗುತ್ತದೆ, ಎಲ್ಲವೂ ಅವನಿಗೆ ಗೊತ್ತು. ಹೇಳುವಾಗ ಅವನ ದನಿ ತನ್ನ ಮಕ್ಕಳ ವಿಷಯ ಹೇಳುವವನ ದನಿಯಾಗುತ್ತಿತ್ತು. ಊರಲ್ಲಿ ನಾನು ಎಷ್ಟೋ ಜಮೀನು ಅಳೆದಿದ್ದೆ. ನೆಲದ ಮೇಲೆ ಅಂಥ ಪ್ರೀತಿ ಇಟ್ಟವರನ್ನು, ಅದರಿಂದ ಏನನ್ನೂ ಎತ್ತಿಕೊಳ್ಳದವರನ್ನು ನೋಡಿದ್ದು ಅದೇ ಮೊದಲು.

ಮೂಡಣ ತುದಿಯಲ್ಲಿ ಬಂಡೆಯ ನಡುವೆ ಒಂದು ದೊಣೆ ಇತ್ತು, ಬೇಸಿಗೆಯಲ್ಲೂ ಬತ್ತದ ನೀರಿನ ಗುಂಡಿ. ದೇವರ ದನ ನೀರು ಕುಡಿಯುತ್ತಿದ್ದದ್ದು ಅದೊಂದರಲ್ಲೇ. ಅಡ್ಡ ಅಳತೆಗಳನ್ನೆಲ್ಲ ಮೊದಲೇ ಮುಗಿಸಿ, ನಡುವಿನ ನೇರ ಗೆರೆ ಹಿಡಿದು ದೊಣೆ ದಾಟಿ, ಕೊನೆಯ ಗುಪ್ಪೆ ಮುಟ್ಟಿದಾಗ ಎರಡನೆಯ ದಿನದ ಇಳಿಹೊತ್ತು. ಕಂಬಳಿಯ ಕಲ್ಲುಗಳನ್ನು ನೆಲಕ್ಕೆ ಸುರಿದು ಎಣಿಸಿದ. ಇಪ್ಪತ್ತೆಂಟು. ನನ್ನ ಪುಸ್ತಕದಲ್ಲೂ ಇಪ್ಪತ್ತೆಂಟು.

ತಾತ ಹಗ್ಗವನ್ನು ಬೆರಳಲ್ಲಿ ಹಿಸುಕಿ ನೋಡುತ್ತ ಹೇಳಿದ: "ಹೊಸ ಹಗ್ಗ ಸಾಮಿ, ಎಳ್ದಂಗೆಲ್ಲ ಮಣ್ದು ಉದ್ದ ಆಗ್ತೈತೆ. ಸರಪಣಿ ಪಕ್ಕ ಇಕ್ಕಿ ಇನ್ನೊಂದ್ಸಲ ನೋಡ್ಬುಡಾನ."

ಅಳತೆಗೆ ಮುಂಚೆ ಒಂದು ಸಲ, ಅಳತೆ ಮುಗಿದ ಮೇಲೆ ಒಂದು ಸಲ ಸರಪಳಿ ಪರೀಕ್ಷಿಸಬೇಕೆಂದು ನಮಗೆ ಮೊದಲನೆಯ ದಿನವೇ ಕಲಿಸುತ್ತಾರೆ. ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಆದರೆ ಸರಪಳಿ ಇದ್ದದ್ದು ಕಾಡಿನ ಆ ಕೊನೆಯಲ್ಲಿ, ಪಾವಗಡದ ಕೊನೆಯ ಬಸ್ಸಿಗೆ ನಾಲ್ಕು ಮೈಲಿ ನಡೆಯಬೇಕಿತ್ತು. "ಅಷ್ಟೇನೂ ವ್ಯತ್ಯಾಸ ಬರಲ್ಲ ಬಿಡು ತಾತ" ಎಂದೆ. ಅವನು ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ. ಓದಿದವನು ಹೇಳಿದ ಮೇಲೆ ಮುಗಿಯಿತು ಎಂದುಕೊಂಡನೋ ಏನೋ. ರೂಮಿಗೆ ಬಂದು ಪುಸ್ತಕದಲ್ಲಿ 'ಸರಪಳಿ ಅಳತೆ, ಇಪ್ಪತ್ತೆಂಟು' ಎಂದು ಶಾಯಿಯಲ್ಲಿ ಬರೆದೆ. ಹಗ್ಗ ಎಂದು ಬರೆಯಲು ಅಲ್ಲಿ ಜಾಗವೂ ಇರಲಿಲ್ಲ, ನನಗೆ ಧೈರ್ಯವೂ ಇರಲಿಲ್ಲ. ದೇವರ ಕಾಡಿಗೆ ಬೇರೆ ನಂಬರು ಬಿತ್ತು. ಆ ವಾರವೆಲ್ಲ ನಾನು ಬೀಗುತ್ತ ಓಡಾಡಿದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ತಾತ ಪಾವಗಡಕ್ಕೆ ಬಂದ. ಎತ್ತುಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ, ಬರಿಗಾಲಲ್ಲಿ ಅಷ್ಟು ದೂರ ನಡೆದು, ನನ್ನ ರೂಮಿನ ಬಾಗಿಲಲ್ಲಿ ಕೂತಿದ್ದ. ಕಾಫಿ ಕೊಟ್ಟರೆ ಕುಡಿಯಲಿಲ್ಲ.

"ಕಲ್ಲು ಒಳಕ್ಕೆ ಬಂದ್ಬುಟ್ಟವೆ ಸಾಮಿ" ಎಂದ.

ನನ್ನ ಕಾಗದ ಹಿಡಿದುಕೊಂಡು ಬೇರೊಬ್ಬರು ಹೋಗಿ ಗಡಿಗೆ ಬಾಂದುಕಲ್ಲು ನೆಟ್ಟಿದ್ದರು. ತಾತ ದನದ ಹಿಂದೆ ದೂರ ಹೋಗಿದ್ದ ದಿನ ಅದು. ಪಡುವಣದ ಗುಪ್ಪೆಯಿಂದ ಕಬ್ಬಿಣದ ಸರಪಳಿ ಹಿಡಿದು, ಕಾಡಿನ ನಡುವೆಯೇ ಹಾಯಿಸಿ, ಇಪ್ಪತ್ತೆಂಟು ಎಣಿಸಿ, ಹಾರೆಯಿಂದ ಗುಂಡಿ ತೋಡಿದ್ದರು. ಅವರನ್ನು ಏಕೆ ಅನ್ನಲಿ? ಕಬ್ಬಿಣ ಕೂಡದೆಂದು ಅವರಿಗೆ ಹೇಳಬೇಕಾಗಿದ್ದವನು ನಾನು. ಹೇಳಿದರೆ ಹಗ್ಗದ ಮಾತು ಹೊರಬೀಳುತ್ತದೆಂದು ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

ತಾತನ ಜೊತೆ ಅವತ್ತೇ ಹೋದೆ. ಗುಪ್ಪೆಯ ಹೊರಗೆ ಸರಪಳಿ ಹಾಸಿ, ಪಕ್ಕದಲ್ಲಿ ಅದೇ ಹಗ್ಗ ಹಾಸಿದೆ. ಹಗ್ಗ ಸರಪಳಿಗಿಂತ ಒಂದೂಮುಕ್ಕಾಲು ಅಡಿ ಉದ್ದವಾಗಿತ್ತು. ಎರಡು ದಿನ ನಾವಿಬ್ಬರೂ ಖುಷಿಯಾಗಿ ಎಳೆದೆಳೆದು ಅದನ್ನು ಮಣಿಸಿದ್ದೆವು. ಹಗ್ಗ ಉದ್ದವಾದಷ್ಟೂ ಎಣಿಕೆ ಕಡಿಮೆ, ಎಣಿಕೆ ಕಡಿಮೆಯಾದಷ್ಟೂ ಕಾಗದದಲ್ಲಿ ಕಾಡು ಚಿಕ್ಕದು. ಹೆಚ್ಚುಕಡಿಮೆ ಐವತ್ತು ಅಡಿ ಹೊರಗೆ ಉಳಿದಿತ್ತು. ಬಾವಿ ಹಗ್ಗವನ್ನೇ ಹಿಡಿದಿದ್ದರೆ ಈ ಗತಿ ಬರುತ್ತಿರಲಿಲ್ಲ, ಅದು ಎಂದೋ ಮಣಿದು ಮುಗಿದಿರುತ್ತಿತ್ತು. ದೇವರಿಗೆ ಮೀಸಲು ಎಂದು ಹೊಸದು ಮಾಡಿದ್ದಕ್ಕೇ ದೇವರ ನೆಲ ಹೋಯಿತು. ಆ ಐವತ್ತು ಅಡಿಯಲ್ಲಿ ದೊಣೆ ಇತ್ತು.

ದೊಣೆಯ ಬಂಡೆಯ ಮೇಲೆ ನಾವಿಬ್ಬರೂ ಕೂತೆವು. ಅಳತೆ ತಪ್ಪೆಂದು ನಾನು ಬರೆದುಕೊಡಬಹುದಿತ್ತು. ಆದರೆ ಹಗ್ಗದಲ್ಲಿ ಅಳೆದು ಸರಪಳಿ ಎಂದು ಬರೆದದ್ದು ತಿಳಿದರೆ ಇಡೀ ಅಳತೆಯೇ ರದ್ದಾಗುತ್ತದೆ, ನಂಬರು ಅಳಿಸಿಹೋಗುತ್ತದೆ, ಇನ್ನೊಂದು ಅಳತೆಗೆ ಮುಂಚೆ ಗುಂಡಿ ತೋಡುವವರು ಬಂದುಬಿಡುತ್ತಾರೆ, ಆಗ ಪೂರ್ತಿ ಕಾಡೇ ಹೋಗಬಹುದು. ಇಷ್ಟನ್ನೂ ತಾತನಿಗೆ ಬಿಡಿಸಿ ಹೇಳಿದೆ. ಹೇಳಿದ್ದೆಲ್ಲ ನಿಜ. ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಅದನ್ನು ಅವನೇ ಕೇಳಿದ.

"ಕೆಲ್ಸುಕ್ಕೆ ಸೇರಿ ಎಷ್ಟು ದಿನ ಆತು ಮಗಾ?"

"ಇನ್ನೂ ಎರಡು ವರ್ಷ ತುಂಬಿಲ್ಲ ತಾತ. ಖಾಯಂ ಆಗಿಲ್ಲ."

ಅದುವರೆಗೂ ಸಾಮಿ ಎನ್ನುತ್ತಿದ್ದವನು ಆಗ ಮೊದಲ ಸಲ ಮಗಾ ಎಂದಿದ್ದ. ನಾನು ತಲೆ ಎತ್ತಲಿಲ್ಲ. ತಾತ ಬೊಗಸೆಯಲ್ಲಿ ದೊಣೆಯ ನೀರು ಎತ್ತಿ ಮುಖ ತೊಳೆದುಕೊಂಡ. ಆಮೇಲೆ ಎದ್ದು ನಿಂತು ಹೇಳಿದ: "ನೀನು ಬರ್ದಿದ್ದು ಅಂಗೇ ಇರ್ಲಿ. ಕಾಡು ಉಳೀಲಿ. ನೀರು ಎಲ್ಲಾನ ಸಿಕ್ತೈತೆ. ಹಟ್ಟಿಯೋರ್ಗೆ ನಾನು ಹೇಳ್ಕಂತೀನಿ, ನೀನು ಮನ್ಸಿಗಾಕ್ಕಬ್ಯಾಡ."

ಅವನು ಕಾಡಿಗಾಗಿ ಹಾಗೆ ಹೇಳಿದನೋ, ನನಗಾಗಿ ಹೇಳಿದನೋ... ಇವತ್ತಿಗೂ ನನಗೆ ಗೊತ್ತಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೊತ್ತು ನನಗಾದದ್ದು ನೆಮ್ಮದಿ.

ನೀಲಗಿರಿ ನೆಟ್ಟರು. ಮೊದಮೊದಲು ಸಸಿ ತುಳಿಯುತ್ತವೆಂದು ದೊಣೆಯ ಹತ್ತಿರ ದನ ಬಿಡಲಿಲ್ಲ. ನಾಲ್ಕೈದು ವರ್ಷಕ್ಕೆ, ದನ ಬಿಟ್ಟರೂ ಕುಡಿಯಲು ದೊಣೆಯಲ್ಲಿ ನೀರೇ ಇರಲಿಲ್ಲ, ನೀಲಗಿರಿ ಹೀರಿಬಿಟ್ಟಿತ್ತು. ದೇವರ ಎತ್ತುಗಳನ್ನು ಬಲಸಮುದ್ರದ ದಿಕ್ಕಿನ ಕೆರೆಗೆ ದಿನಾ ನಡೆಸಿಕೊಂಡು ಹೋಗುತ್ತಾರೆಂದು ಯಾರೋ ಹೇಳಿದರು. ನಾನು ನೋಡಲು ಹೋಗಲಿಲ್ಲ. ಒಂದು ಸಲ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಬೇವಿನ ಕೆಳಗೆ ತಾತ ಒಬ್ಬನೇ ಕೂತದ್ದು ಕಂಡಿತು. ಜೊತೆಗೆ ಒಂದು ದನವೂ ಇರಲಿಲ್ಲ. ಹಿಂದೆ ಬರುತ್ತಿರಬೇಕು ಎಂದುಕೊಂಡೆ. ಬಸ್ಸು ನಿಲ್ಲಿಸಿ ಇಳಿಯಬಹುದಿತ್ತು. ಮುಖವನ್ನು ಆಚೆ ಕಿಟಕಿಗೆ ತಿರುಗಿಸಿಕೊಂಡೆ.

ಆಮೇಲೆ ಸಿರಾಕ್ಕೆ ವರ್ಗವಾಯಿತು. ಕಳ್ಳಂಬೆಳ್ಳದ ಹತ್ತಿರ ಒಂದು ಹೊಲ ಅಳೆಯುತ್ತಿದ್ದಾಗ ಆ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದವನೊಬ್ಬ ತಾತ ಹೋಗಿಬಿಟ್ಟ ಸುದ್ದಿ ಹೇಳಿದ. ಸರಪಳಿ ಕೈಯಲ್ಲೇ ಇತ್ತು. ಆ ಹೊಲದ ಅಳತೆ ಮುಗಿಸಿದೆ, ಮೊದಲೊಂದು ಸಲ, ಕೊನೆಗೊಂದು ಸಲ ಪರೀಕ್ಷಿಸಿ. ಆ ಒಂದು ವಿಷಯದಲ್ಲಿ ನಾನು ಮತ್ತೆಂದೂ ತಪ್ಪಲಿಲ್ಲ. ಯಾರಿಗೆ ಬೇಕಾಗಿತ್ತು ಆ ನಿಷ್ಠೆ?

ಸಂತೆಯಿಂದ ಬಂದ ಮೇಲೆ ಒಂದು ವಾರ ನನಗೆ ಸಮಾಧಾನವಿರಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, "ನಡೀರಿ, ಹೋಗಿಬರೋಣ" ಎಂದಳು.

ಹಟ್ಟಿಗೆ ಈಗ ಟಾರು ರಸ್ತೆ, ಗುಡಿಸಲಿನ ಜಾಗದಲ್ಲಿ ತಾರಸಿ ಮನೆ. ಎಷ್ಟೋ ಸಲ ಕಡಿದ ನೀಲಗಿರಿಯ ಬೊಡ್ಡೆಗಳು ಮತ್ತೆ ಚಿಗುರಿವೆ. ದೊಣೆಯಲ್ಲಿ ಒಣಗಿದ ಎಲೆ ತುಂಬಿದೆ. ಆದರೆ ಆ ತಪ್ಪು ಕಲ್ಲುಗಳ ಒಳಗೆ ಕಾಡು ಹಾಗೇ ಇದೆ. ಒಂದು ಮರ ಹೋಗಿಲ್ಲ, ಕಮರ ಇನ್ನೂ ಎತ್ತರವಾಗಿವೆ. ನೋಡಿ ನನಗೆ ಅಳು ಬಂತು. ತಾತ ಹೇಳಿದಂತೆ ಕಾಡು ಉಳಿದಿತ್ತು.

ಕಾಡಿನ ಅಂಚಿನ ಗುಪ್ಪೆಯ ಹತ್ತಿರ ತಾತನ ಸೊಸೆ ಸಿಕ್ಕಳು. ಈಗ ಅವಳೇ ಮುದುಕಿ. ನಾನು ಯಾರೆಂದು ಹೇಳಿದಾಗ ಸ್ವಲ್ಪ ಹೊತ್ತು ಮುಖ ನೋಡಿ, "ಹಗ್ಗದ ಸಾಮಿ ಅಲ್ವಾ?" ಎಂದಳು. ಕಬ್ಬಿಣ, ಚಪ್ಪಲಿ ಅಲ್ಲೇ ಬಿಟ್ಟು ಕಾಡಿನ ಒಳಕ್ಕೆ ಬನ್ನಿ ಎಂದು ಕರೆದಳು. ಹೆಂಡತಿ ಬಳೆಯ ಪಿನ್ನು, ಬೀಗದ ಕೈ, ಮೊಬೈಲು ಎಲ್ಲ ಒಂದು ಕಲ್ಲಿನ ಮೇಲೆ ಇಡುತ್ತಿದ್ದಳು. ನಾನು ತಾತ ಕೊನೆಯವರೆಗೂ ದನ ಕಾಯುತ್ತಿದ್ದನಾ ಎಂದು ಕೇಳಿದೆ.

"ಎಲ್ಲಿ ಕಾಯ್ದ್ರು ಸಾಮಿ? ಆ ಕಲ್ಲು ನೆಟ್ಟ ವರ್ಸವೇ ಬುಡುಸ್ಬುಟ್ರಲ್ಲ. ಹೊಸ ಹಗ್ಗನ ಎಳ್ದು ಮಣಿಸ್ದೆ ಕೊಟ್ಬುಟ್ಟೆ, ಸರ್ವೆಯೋರ್ದು ಏನೂ ತೆಪ್ಪಿಲ್ಲ, ತೆಪ್ಪೆಲ್ಲ ನಂದೇ ಅಂತ ಮಾವಯ್ಯ ಹಟ್ಟಿ ಕೂಟ್ದಾಗೆ ಒಪ್ಕಂಬುಟ್ರು. ದೇವ್ರ ನೀರು ಕಳ್ದೋನು ದೇವ್ರೆತ್ತು ಮುಟ್ಟಂಗಿಲ್ಲ ಅಂತ ಕಿಲಾರಿಕೆ ಕಿತ್ಕಂಡ್ರು. ಸಾಯೋಗಂಟ ರಸ್ತೆತಾವ ಕುಂತ್ಕಂಡು, ಎತ್ತು ನೀರಿಗೆ ಹೋಗಾದ ದೂರದಿಂದ ನೋಡೋರು."

ಬೇವಿನ ಕೆಳಗೆ ಒಬ್ಬನೇ ಕೂತಿದ್ದವನು... ಗುಪ್ಪೆಯ ಪಕ್ಕದಲ್ಲೇ ನಿಂತು ಹೇಳಿದೆ: "ಅಲ್ಲ ಕಣಮ್ಮ. ಇನ್ನೊಂದು ಸಲ ಅಳೆದು ನೋಡೋಣ ಅಂತ ಅವನು ಹೇಳಿದ್ದ. ನಾನೇ ಕೇಳಲಿಲ್ಲ, ಬಸ್ಸಿಗೆ ಓಡಿದೆ. ಅವನದು ಏನೂ ತಪ್ಪಿರಲಿಲ್ಲ. ಹಟ್ಟಿಯವರನ್ನ ಕರಿ, ಎಲ್ಲರ ಮುಂದೆ ಹೇಳ್ತೀನಿ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು ಹಟ್ಟಿಯ ಕಡೆ ಒಂದು ಸಲ ನೋಡಿದಳು.

"ಈಗ ಯಾರ್ಗೆ ಹೇಳೀರಿ ಸಾಮಿ? ಕಿತ್ಕಂಡೋರೂ ಇಲ್ಲ, ಕಳ್ಕಂಡೋರೂ ಇಲ್ಲ" ಎಂದಳು.

ಹೆಂಡತಿಯನ್ನು ಕರೆದುಕೊಂಡು ಒಳಗೆ ಹೋದಳು. ನನ್ನನ್ನು ಮತ್ತೆ ಕರೆಯಲಿಲ್ಲ. ನಾನೂ ಗುಪ್ಪೆ ದಾಟಲಿಲ್ಲ.